ಮೀನಿಗೆ ಬಾಣಂತನ

ನಮ್ಮ ಅಕ್ಕನಿಗೆ ಸಮುದ್ರ ಕಂಡರೆ ಆಗುತ್ತಿರಲಿಲ್ಲ. ಆದರೆ ಇಡೀ ಅಜ್ಜಂಪುರದಲ್ಲಿ ಸಮುದ್ರ ಇದ್ದದ್ದು ಅವಳೊಬ್ಬಳ ಹತ್ತಿರ ಮಾತ್ರ! ಒಮ್ಮೆ ನಾನೂ ನನ್ನ ಹೆಂಡತಿಯೂ ಅವಳನ್ನು ಮಲ್ಪೆಗೆ ಕರೆದುಕೊಂಡು ಹೋಗಿದ್ದೆವು. ಎಲ್ಲರೂ ಸೀರೆ, ಪ್ಯಾಂಟು ಎತ್ತಿಕೊಂಡು ಅಲೆಗೆ ಓಡುತ್ತಿದ್ದರೆ ಇವಳು ದೂರ ನಿಂತು, ಚಪ್ಪಲಿಯನ್ನೂ ಬಿಡದೆ, "ಅಲ್ಲ ಕಣೋ, ಇಷ್ಟೊಂದು ನೀರನ್ನ ಯಾರು ಕ್ಲೀನ್ ಮಾಡ್ತಾರೆ?" ಎಂದಳು. ಆಮೇಲೆ ಅವಳನ್ನು ಎಲ್ಲಿಗೂ ಕರೆದುಕೊಂಡು ಹೋಗುವ ಧೈರ್ಯ ನಮಗೆ ಬರಲಿಲ್ಲ.

ಅವಳು ಸಮುದ್ರವನ್ನು ಇಟ್ಟುಕೊಂಡಿದ್ದು ನಮ್ಮ ನಡುಮನೆಯಲ್ಲಿ, ಗಾಜಿನ ತೊಟ್ಟಿಯಲ್ಲಿ. ಈಗ ಅಕ್ಕ ಇಲ್ಲ. ಸಮುದ್ರ ನನ್ನ ತಲೆಗೆ ಬಂದಿದೆ. ತರೀಕೆರೆ ಬಸ್ಸಿನಲ್ಲಿ ಟಿಕೆಟ್ ಹರಿದು ರಿಟೈರಾದ ನನಗೆ ಒಂದು ಸಮುದ್ರವನ್ನು ಬದುಕಿಸಿಕೊಳ್ಳುವುದು ಹೇಗೆಂದು ಗೊತ್ತೇ? ಸದ್ಯಕ್ಕೆ ಅದರಲ್ಲಿ ಉಳಿದಿರುವುದು ಒಂದೇ ಮೀನು. ಅದು ಊಟ ಬಿಟ್ಟಿದ್ದರ ಕಥೆ ಆಮೇಲೆ ಹೇಳುತ್ತೇನೆ. ಮೊದಲು ಅಕ್ಕನ ಕಥೆ ಕೇಳಿ.

ಅಕ್ಕ ನರ್ಸಮ್ಮ. ಬುಕ್ಕಾಂಬುಧಿಯ ಸುತ್ತಮುತ್ತ ಅವಳು ಹೆರಿಗೆ ಮಾಡಿಸದ ಮನೆ ಕಡಿಮೆ. ಮದುವೆಯಾಗಲಿಲ್ಲ, ನಮ್ಮ ಜೊತೆಯಲ್ಲೇ ಇದ್ದಳು. ರಿಟೈರಾದ ಮೇಲೆ ಹಲ್ಲು ಕೀಳಿಸಲು ಕಡೂರಿಗೆ ಹೋದಳು. ಅಲ್ಲಿ ಕಾಯುವ ಕೋಣೆಯಲ್ಲಿ ಒಂದು ಮೀನಿನ ತೊಟ್ಟಿ. ಒಳಗೆ ಕುರ್ಚಿಯ ಮೇಲೆ ಮಲಗಿಸಿ ಬಾಯಿ ತೆಗೆಯಿರಿ ಎಂದರೆ ಇವಳು ತೆಗೆದದ್ದು ಮಾತನಾಡಲು. "ಡಾಕ್ಟ್ರೇ, ನನ್ನ ಹಲ್ಲು ಎಲ್ಲೂ ಓಡಿಹೋಗಲ್ಲ. ಮೊದ್ಲು ಆಚೆ ಇರೋ ಮೀನು ನೋಡಿ. ಅದಕ್ಕೆ ಉಸಿರು ಜಾಸ್ತಿ ಆಗಿದೆ. ಮೈಮೇಲೆ ಬಿಳಿ ಚುಕ್ಕೆ ಬೇರೆ ಎದ್ದಿದೆ!" ಹಲ್ಲು ಹಾಗೆಯೇ ಮನೆಗೆ ಬಂತು. ಅದರ ಜೊತೆಗೆ ಸಮುದ್ರದ ಹುಚ್ಚೂ ಬಂತು.

ತೊಟ್ಟಿ ಬಂದಿಳಿದ ದಿನ ಬೀದಿಗೆ ಬೀದಿಯೇ ನೋಡಲು ಬಂತು. ಏನಿದೆ ಒಳಗೆ? ಕಲ್ಲು, ಮರಳು, ನೀರು. ತಿಂಗಳಾದರೂ ಅಷ್ಟೇ! "ಅತ್ಗೆ, ಮೀನು ಯಾವಾಗ?" ಎಂದು ನನ್ನ ಹೆಂಡತಿ ಕೇಳಿದರೆ, "ನೀರು ಇನ್ನೂ ಹಣ್ಣಾಗಿಲ್ಲ ಕಣೇ" ಎನ್ನುತ್ತಿದ್ದಳು. ನೀರು ಹಣ್ಣಾಗುತ್ತದೆಯೇ? ಕಲ್ಲಿನ ಮೇಲೆ ಕಣ್ಣಿಗೆ ಕಾಣದ ಜೀವಗಳು ಹುಟ್ಟಬೇಕಂತೆ, ಮೀನಿನ ಹೊಲಸನ್ನು ಅವು ತಿನ್ನಬೇಕಂತೆ. ನಾವು ಮೂವರೂ ಸಂಜೆಯ ಕಾಫಿ ಹಿಡಿದುಕೊಂಡು ಕಲ್ಲು ನೋಡುತ್ತಾ ಕೂರುತ್ತಿದ್ದೆವು.

ನನ್ನ ತಲೆ ಕೆಟ್ಟದ್ದು ನೀರಿನ ಲೆಕ್ಕದಲ್ಲಿ. ಶುದ್ಧ ನೀರಿನ ಘಟಕದಿಂದ ಕ್ಯಾನ್ ಹೊತ್ತು ತಂದು, ಅದಕ್ಕೆ ಪ್ಯಾಕೆಟ್ಟಿನ ಸಮುದ್ರದ ಉಪ್ಪು ಕಲಸಿ ತೊಟ್ಟಿ ತುಂಬಿಸಿದ್ದಳು. ಆದರೆ ಬೇಸಿಗೆಯಲ್ಲಿ ನೀರು ಆರಿ ಕಡಿಮೆಯಾದಾಗ ಬರೀ ಸಿಹಿನೀರು ಹಾಕು ಎಂದಳು. "ಉಪ್ಪುನೀರಿನ ಮೀನಿಗೆ ಸಿಹಿನೀರು ಯಾಕೇ?" ಎಂದೆ. "ಆವಿ ಆಗೋದು ನೀರು, ಉಪ್ಪಲ್ಲ ಕಣೋ. ನಿನಗೆ ಬಸ್ಸಿನ ಭಾಷೇಲೇ ಹೇಳ್ತೀನಿ. ಜನ ಇಳಿದು ಹೋಗ್ತಾರೆ, ಸೀಟು ಹಾಗೇ ಇರ್ತವೆ. ಜನ ಹತ್ತಿಸಿದಾಗಲೆಲ್ಲ ಸೀಟೂ ಜೋಡಿಸ್ತಾ ಹೋದ್ರೆ ಏನಾಗುತ್ತೆ ಹೇಳು?" ಅರ್ಥವಾಯಿತು ಎಂದು ತಲೆಯಾಡಿಸಿದೆ. ಆಗಿರಲಿಲ್ಲ.

ಮೀನು ಕೊಳ್ಳಲು ಅವಳು ಹೋಗುತ್ತಿದ್ದದ್ದು ರೈಲಿನಲ್ಲಿ, ಬೆಂಗಳೂರಿಗೆ. ನಾನು ಚೀಲ ಹೊರಲು. ಹೆಣ್ಣು ನೋಡಲು ಹೋದ ಗಂಡಿನ ಕಡೆಯವರೂ ಇಷ್ಟು ಪ್ರಶ್ನೆ ಕೇಳುವುದಿಲ್ಲ! "ಇದು ಯಾವತ್ತು ಬಂದಿದ್ದು?" ಅಂಗಡಿಯ ಹುಡುಗ ಹೆಮ್ಮೆಯಿಂದ, "ಫ್ರೆಶ್ ಮಾಲು ಸಿಸ್ಟರಮ್ಮ, ಇವತ್ತೇ ಬೆಳಿಗ್ಗೆ" ಎಂದರೆ, "ಹಾಗಾದ್ರೆ ಬೇಡ. ಇದೇನು ಹೂಕೋಸಾ? ಪ್ರಯಾಣ ಮಾಡಿ ಸುಸ್ತಾಗಿದೆ. ಮುಂದಿನ ವಾರ ಬತ್ತೀನಿ, ಬದುಕಿದ್ರೆ ತಗೋತೀನಿ" ಎಂದು ಎದ್ದುಬಿಡುತ್ತಿದ್ದಳು. ಮುಂದಿನ ವಾರ ಮತ್ತೆ ರೈಲು! ಆಗಲೂ ಅವಳ ಕಣ್ಣೆದುರೇ ಮೀನಿಗೆ ತಿನ್ನಿಸಬೇಕು. ತಿನ್ನದ ಮೀನು ಬೇಡ. ಕೂಸುಗಳಿಗೆ ಕೆಮ್ಮಿದ್ದಾಗ ಎದೆಯ ಏರಿಳಿತ ನೋಡುತ್ತಿದ್ದಳಲ್ಲ, ಹಾಗೆಯೇ ಗಡಿಯಾರ ಹಿಡಿದು ಕಿವಿರಿನ ಉಸಿರು ಎಣಿಸುತ್ತಿದ್ದಳು. ಅದೇ ತೊಟ್ಟಿಯ ಇನ್ನೊಂದು ಮೀನು ಮಂಕಾಗಿದ್ದರೂ ಮುಗಿಯಿತು. ಹವಳದ ತುಂಡನ್ನಂತೂ ಮೂಸಿಯೇ ನೋಡುತ್ತಿದ್ದಳು! ಸಾಯುತ್ತಿರುವ ಹವಳ ನಾರುತ್ತದಂತೆ. ಮೂಗಿಗೆ ಹತ್ತಿರ ಹಿಡಿದ ಅವಳನ್ನು ಕಂಡು ಬೇರೆ ಗಿರಾಕಿಗಳು ಇದೇನು ತಿನ್ನುವ ವಸ್ತುವೇ ಎಂದು ನನ್ನನ್ನು ವಿಚಾರಿಸುತ್ತಿದ್ದರು.

ಹವಳ ಎಂದೊಡನೆ ಪಕ್ಕದ ಮನೆಯ ರಂಗಮ್ಮ ಓಡಿ ಬಂದಳು. "ಸಿಸ್ಟರೇ, ಹವಳ ಬೆಳೀತಿದ್ದೀರಂತೆ? ಮಗಳ ತಾಳಿಸರಕ್ಕೆ ಎರಡು ಕೊಡ್ರೀ." ಅಕ್ಕ ಅವಳನ್ನು ತೊಟ್ಟಿಯ ಮುಂದೆ ನಿಲ್ಲಿಸಿದಳು. ಕಲ್ಲಿನ ಮೇಲೆ ಹಸಿರು ಬೆರಳುಗಳಂಥದ್ದೇನೋ ಮೆತ್ತಗೆ ಓಲಾಡುತ್ತಿತ್ತು. "ಇದೇ ಹವಳ. ಕೊಡ್ಲಾ?" ರಂಗಮ್ಮ ಮಗಳಿಗೆ ಕರಿಮಣಿಯೇ ಸಾಕೆಂದಳು.

ಇನ್ನು ಡ್ರಿಪ್ಪಿನ ಪ್ರಸಂಗ. ಮೊದಲ ಜೋಡಿ ಮೀನು ಬಂದ ದಿನ. ಕಿತ್ತಳೆ ಬಣ್ಣ, ಮೈಗೆ ಬಿಳಿ ಪಟ್ಟೆ, ಒಂದು ದೊಡ್ಡದು, ಒಂದು ಚಿಕ್ಕದು. ಅಂಗಡಿಯ ನೀರಿನಿಂದ ನಮ್ಮ ನೀರಿಗೆ ಒಮ್ಮೆಲೇ ಬಿಟ್ಟರೆ ಮೀನಿಗೆ ಆಘಾತವಾಗುತ್ತದಂತೆ. ಅಕ್ಕನಿಗೆ ಗೊತ್ತಿರುವ ದಾರಿ ಯಾವುದು? ಮೆಡಿಕಲ್ ಶಾಪಿನಿಂದ ಹೊಸ ಡ್ರಿಪ್ ಸೆಟ್ ತಂದಳು. ಕಿಟಕಿಯ ಸರಳಿಗೆ ಬಾಟಲಿ ನೇತುಹಾಕಿ, ಮೀನಿದ್ದ ಬಕೆಟ್ಟಿಗೆ ನಮ್ಮ ನೀರನ್ನು ಹನಿಹನಿಯಾಗಿ ಬಿಟ್ಟಳು. ಹೊರಗಿನಿಂದ ರಂಗಮ್ಮನಿಗೆ ಕಂಡದ್ದು ಬಾಟಲಿ ಮಾತ್ರ. ಅರ್ಧ ಗಂಟೆಯಲ್ಲಿ ಬೀದಿಯವರೆಲ್ಲ ಎಳನೀರು, ಬ್ರೆಡ್ಡು ಹಿಡಿದು ಬಾಗಿಲಲ್ಲಿ ಹಾಜರು! "ಯಾರಿಗೇನಾಯ್ತಪ್ಪಾ? ನಿನಗಾ, ನಿನ್ನ ಹೆಂಡ್ತಿಗಾ?" ನಾನು ಬಕೆಟ್ಟಿನತ್ತ ಕೈ ತೋರಿಸಿದೆ. ಬ್ರೆಡ್ಡನ್ನು ಅವರು ವಾಪಸ್ ಒಯ್ಯುವ ಮೊದಲೇ ಅಕ್ಕ ತೆಗೆದುಕೊಂಡು, "ರೋಗಿ ಪರವಾಗಿ ನಾನೇ ತಿಂತೀನಿ ಬಿಡಿ" ಎಂದಳು.

ಅಷ್ಟಾದರೂ ಮೀನು ದೊಡ್ಡ ತೊಟ್ಟಿಗೆ ಹೋಗಲಿಲ್ಲ. ಅವಕ್ಕೆ ಬಾಣಂತನ! ಹಿಂದಿನ ಕೋಣೆಯ ಕಿಟಕಿಗೆ ದುಪ್ಪಟಿ ಕಟ್ಟಿ, ಮಬ್ಬು ಬೆಳಕಿನಲ್ಲಿ ಬೇರೆ ಚಿಕ್ಕ ತೊಟ್ಟಿ ಇಟ್ಟಳು. ಒಂದು ತಿಂಗಳು ದಾಟುವವರೆಗೆ ಯಾರೂ ಒಳಗೆ ಹೋಗಬಾರದು, ಇಣುಕಿ ನೋಡಬಾರದು, ಕೈ ತೊಳೆಯದೆ ಬಾಗಿಲನ್ನೂ ಮುಟ್ಟಬಾರದು. ಒಂದು ಮೀನಿನ ರೋಗ ಇಡೀ ತೊಟ್ಟಿಗೆ ಹಬ್ಬುತ್ತದೆ, ಹವಳ ಇರುವ ನೀರಿಗೆ ಔಷಧಿಯನ್ನೂ ಹಾಕುವಂತಿಲ್ಲ ಎನ್ನುವುದು ಅವಳ ವಾದ. ನನ್ನ ಹೆಂಡತಿಗೆ ತಡೆಯಲಾಗಲಿಲ್ಲ. "ನನ್ನ ಬಾಣಂತನಕ್ಕೂ ನೀವು ಇಷ್ಟು ಮಾಡ್ಲಿಲ್ಲ ಅತ್ಗೆ!"

"ನಿನಗೆ ಒಂಚೂರು ತಲೆ ನೋವಾದ್ರೂ ಇಡೀ ಬೀದಿ ಎಬ್ಬಿಸ್ತಿದ್ದೆ ಕಣೇ. ಪಾಪ, ಇವು ಬಾಯಿ ಬಿಟ್ಟು ಹೇಳ್ತವಾ?"

ಅದೂ ನಿಜವೇ. ಹೇಳಬಲ್ಲವರಾದರೂ ಎಲ್ಲಿ ಹೇಳುತ್ತಾರೆ? ಹೋದ ಮಾಗಿಯಲ್ಲಿ ಒಂದು ಮಧ್ಯಾಹ್ನ ಊಟ ಮಾಡಿ ಮಲಗಿದ ಅಕ್ಕ ಏಳಲೇ ಇಲ್ಲ. ಊರಿನ ಉಸಿರನ್ನೆಲ್ಲ ಎಣಿಸಿದವಳು ತನ್ನದನ್ನು ಎಣಿಸಲು ಯಾರನ್ನೂ ಹತ್ತಿರ ಕರೆಯಲಿಲ್ಲ.

ಆಮೇಲೆ ಮನೆಗೆ ಬಂದವರೆಲ್ಲ ಅಕ್ಕನ ಫೋಟೋದ ಮುಂದೆ ಸ್ವಲ್ಪ ಹೊತ್ತು, ತೊಟ್ಟಿಯ ಮುಂದೆ ಬಹಳ ಹೊತ್ತು ನಿಂತು ಹೋಗುತ್ತಿದ್ದರು. ಯಾರ ಮನೆಯ ಸೂತಕಕ್ಕೆ ಬಂದಿದ್ದೇವೆಂದು ಅವರಿಗೇ ಗೊಂದಲ. ನಾನು ಬಸ್ಸಿನ ಸೀಟು ನೆನೆಸಿಕೊಂಡು ನೀರು ಹಾಕಿದೆ. ಸರಿ ಹಾಕಿದೆನೋ ತಪ್ಪು ಹಾಕಿದೆನೋ! ಹವಳಗಳು ಹೇಗೋ ಇದ್ದವು. ಮೀನುಗಳಲ್ಲಿ ಉಳಿದಿದ್ದದ್ದು ಆ ಮೊದಲ ಜೋಡಿ ಮಾತ್ರ, ಅದರಲ್ಲಿ ಮುಪ್ಪಾಗಿದ್ದ ದೊಡ್ಡದು ಒಂದು ಬೆಳಿಗ್ಗೆ ಇರಲಿಲ್ಲ. ಅದರ ಬೆನ್ನ ಹಿಂದೆಯೇ ಓಡಾಡಿಕೊಂಡಿದ್ದ ಚಿಕ್ಕದು ಕಲ್ಲಿನ ಸಂದಿ ಸೇರಿತು. ತಿಂಡಿ ಹಾಕಿದರೆ ಬಾಯಿಗೆ ತೆಗೆದುಕೊಂಡು ಉಗುಳಿಬಿಡುತ್ತಿತ್ತು. ಆಮೇಲೆ ಅದೂ ನಿಂತಿತು. ಇದೊಂದು ಹೋದರೆ ಅಕ್ಕ ಕೈಯಾರೆ ಸಾಕಿದ್ದರಲ್ಲಿ ನಮ್ಮನ್ನು ಕಣ್ಣುಬಿಟ್ಟು ನೋಡುವ ಜೀವ ಮನೆಯಲ್ಲಿ ಉಳಿಯುವುದಿಲ್ಲ ಎನ್ನಿಸಿ, ಮೊದಲ ಸಲ ಒಬ್ಬನೇ ರೈಲು ಹತ್ತಿದೆ.

"ಸಿಸ್ಟರಮ್ಮ ಬರ್ಲಿಲ್ವಾ ಸರ್?" ಎಂದ ಅಂಗಡಿಯ ಹುಡುಗ, ಹೊಸ ಮಾಲಿನ ತೊಟ್ಟಿಯ ಮೇಲೆ ಬಟ್ಟೆ ಎಳೆಯುತ್ತಾ.

"ಹೋಗ್ಬಿಟ್ರಪ್ಪಾ."

ಅವನು ಬೋರಲು ಹಾಕಿದ್ದ ಬಕೆಟ್ಟಿನ ಮೇಲೆ ಕುಳಿತುಬಿಟ್ಟ. "ಇನ್ನು ನನಗೆ ಬಯ್ಯೋರು ಯಾರು ಸರ್?"

ಮೀನಿನ ಸಂಗತಿ ಹೇಳಿದೆ. ಅವನು ಹೇಳಿದ್ದು ಕೇಳಿ ನನ್ನ ತಲೆ ಪೂರ್ತಿ ತಿರುಗಿತು. ಈ ಜಾತಿಯಲ್ಲಿ ಹುಟ್ಟುವುದೆಲ್ಲ ಗಂಡೇ ಅಂತೆ! ಜೋಡಿಯಲ್ಲಿ ದೊಡ್ಡದು ಹೆಣ್ಣು. ಅದು ಹೋದರೆ ಉಳಿದ ಚಿಕ್ಕದು ನಿಧಾನವಾಗಿ ಬೆಳೆದು ತಾನೇ ಹೆಣ್ಣಾಗಿ, ದೊಡ್ಡದರ ಜಾಗಕ್ಕೆ ಬರುತ್ತದೆ. ಅದಕ್ಕಿಂತ ಸಣ್ಣದೊಂದು ಜೊತೆಗೆ ಸಿಕ್ಕರೆ ಒಳ್ಳೆಯದು. ಮೂರು ಮಕ್ಕಳ ತಂದೆ ನಾನು. ಇಂಥದ್ದು ಕೇಳಿಯೇ ಇರಲಿಲ್ಲ.

"ಅದಕ್ಕೆಲ್ಲ ಎಷ್ಟು ದಿನ ಹಿಡಿಯುತ್ತೆ?"

"ಒಬ್ಬೊಬ್ರಿಗೆ ಒಂದೊಂಥರ ಸರ್."

ನನ್ನ ಕಣ್ಣೆದುರು ತಿಂದ ಒಂದು ಮರಿ ತಂದೆ. ಬಾಟಲಿ ನೇತುಹಾಕಿ ಹನಿ ಬಿಟ್ಟು, ಹಿಂದಿನ ಕೋಣೆಯ ಚಿಕ್ಕ ತೊಟ್ಟಿಗೆ ಸೇರಿಸಿದೆ. ಅಲ್ಲಿಗೆ ಹೊಸ ಸಂಕಟ ಶುರುವಾಯಿತು. ಮರಿಗೆ ತಿಂಗಳ ಬಾಣಂತನ ಆಗಬೇಕು. ಅಷ್ಟು ದಿನ ಉಪವಾಸ ಇದ್ದರೆ ಸಂದಿಯಲ್ಲಿರುವುದು ಉಳಿಯುತ್ತದೆಯೇ? ಬೇಗ ಬಿಟ್ಟು ರೋಗ ಅಂಟಿದರೆ ಎರಡೂ ಹೋಗುತ್ತವೆ. "ಬಿಟ್ಬಿಡ್ರೀ, ಪಾಪ" ಎಂದಳು ಹೆಂಡತಿ. "ಅಕ್ಕ ಬಿಡ್ತಿದ್ಲೇನೇ?" ಎಂದೆ. ಅವಳಿಗೂ ಉತ್ತರ ಗೊತ್ತಿತ್ತು. ಇಬ್ಬರೂ ಒಂದು ದಿನ ಅತ್ತ ಇತ್ತ ಓಡಾಡಿದೆವು.

ಮರುದಿನ ಅವಳೇ ಕೋಣೆಯ ಬಾಗಿಲಲ್ಲಿ ನಿಂತು, "ಅಲ್ಲ, ಬಾಣಂತಿ ಕೋಣೆ ಒಳಗೆ ಹೋಗೋ ಹಾಗಿಲ್ಲ, ಸರಿ. ನಾನು ಬಾಣಂತಿ ಆಗಿದ್ದಾಗ ನೀವು ಕಿಟಕೀಲಿ ನಿಂತು ಮಗು ನೋಡ್ತಿರಲಿಲ್ವಾ?" ಎಂದಳು.

ಇಬ್ಬರೂ ಸೇರಿ ಮರಿಯ ತೊಟ್ಟಿಯನ್ನು ಎತ್ತಿ ತಂದು, ಮೇಲೆ ಮುಚ್ಚಳ ಹಾಕಿ, ದೊಡ್ಡ ತೊಟ್ಟಿಗೆ ತಾಗಿಸಿ ಇಟ್ಟೆವು. ನಡುವೆ ಎರಡು ಗಾಜು. ನೀರಿಗೆ ನೀರು ಸೋಕುವಂತಿಲ್ಲ. ಮರಿ ಮೂಲೆಯಲ್ಲಿ ನಡುಗುತ್ತಾ ನಿಂತಿತ್ತು. ಬಹಳ ಹೊತ್ತಾದ ಮೇಲೆ ಸಂದಿಯಿಂದ ಒಂದು ಕಿತ್ತಳೆ ಮೂತಿ ಕಂಡಿತು. ಮೆಲ್ಲಗೆ ಬಂದು ಗಾಜಿಗೆ ಎದೆ ಕೊಟ್ಟು ಮರಿಯ ಮುಂದೆ ನಿಂತಿತು, ಹಿಂದೆಂದೂ ಯಾರ ಮುಂದೆಯೂ ನಿಲ್ಲದ ಪುಕ್ಕಲು. ನಾನು ಒಂದು ಚಿಟಿಕೆ ತಿಂಡಿ ಉದುರಿಸಿದೆ. ತಿರುಗಿತು. ಕಚ್ಚಿತು. ಉಗುಳಲಿಲ್ಲ. ಇನ್ನೊಂದು ಚೂರಿಗೆ ಮೇಲೆ ಬಂತು.

"ಅಕ್ಕಾ, ತಿಂತು ಕಣೇ!" ಎಂದು ಒಳಕೋಣೆಯ ಕಡೆ ತಿರುಗಿ ಕೂಗಿಬಿಟ್ಟೆ.

ಗಾಳಿಪಂಪು ಗುಳುಗುಳು ಎನ್ನುತ್ತಲೇ ಇತ್ತು. ತಿಂಡಿ ಹಾಕಿದ ಕೈ ಹಾಗೆಯೇ ಗಾಜಿನ ಮೇಲಿತ್ತು. ನಾನು ತಿರುಗಿ ಹೆಂಡತಿಯ ಮುಖ ನೋಡಲಿಲ್ಲ. ಅವಳು ನನ್ನ ಪಕ್ಕಕ್ಕೆ ಬಂದು, ಸೆರಗಿಗೆ ಕೈ ಒರೆಸಿಕೊಂಡು, ನೆಲದ ಮೇಲೆ ಕುಳಿತಳು.

"ಕೇಳಿಸ್ತು ಕಣ್ರೀ. ಇನ್ನೊಂಚೂರು ಹಾಕಿ" ಎಂದಳು.