ತಾನೇ ಎಣಿಸುವ ಹಾಳೆ

ಸೋಮಾರಿಯಷ್ಟು ಕಷ್ಟಪಡುವವನು ಇನ್ನೊಬ್ಬನಿಲ್ಲ ಎಂಬುದು ನನ್ನ ನಂಬಿಕೆ. ಬೇರೆಯವರನ್ನು ನೋಡಿ ಹುಟ್ಟಿದ್ದಲ್ಲ, ಸ್ವಂತ ಅನುಭವ. ಆಗ ನಾನು ಸೇಡಂನ ನೆಲಕ್ಕೆ ಹಾಸುವ ಫರಸಿ ಕಲ್ಲಿನ ವ್ಯಾಪಾರದ ಒಂದು ಕಚೇರಿಯಲ್ಲಿ ಗುಮಾಸ್ತನಾಗಿದ್ದೆ. ಚಿತ್ತಾಪುರ, ವಾಡಿ, ಶಹಾಬಾದ, ಚಿಂಚೋಳಿಗಳಲ್ಲೂ ನಮ್ಮ ಕಚೇರಿಗಳಿದ್ದವು. ಒಂದೊಂದಕ್ಕೂ ಒಂದು ಕಂಪ್ಯೂಟರು, ಒಬ್ಬ ಗುಮಾಸ್ತ. ಎಲ್ಲೆಲ್ಲಿಗೆ ಎಷ್ಟು ಇಮೇಲ್ ಬಂದವೆಂಬ ಲೆಕ್ಕ ಸಿಗದೆ ನಮ್ಮ ಸಾಹುಕಾರರು ಸಂಜೆ ಮನೆಗೆ ಹೊರಡುತ್ತಿರಲಿಲ್ಲ. ನಾಲ್ಕೂ ಊರಿನವರು ತಮ್ಮದನ್ನು ಎಣಿಸಿ ನನಗೆ ಇಮೇಲ್ ಮಾಡಬೇಕು, ನಾನು ಎಕ್ಸೆಲ್ ಹಾಳೆಗೆ ಇಳಿಸಬೇಕು. ಚಿಂಚೋಳಿಯ ಖಾಜಾಸಾಬರಂತೂ ಇಮೇಲ್ ಕಳಿಸಿದ ಮೇಲೆ ಫೋನನ್ನೂ ಮಾಡಿ, "ರಾಯರ, ಮುಟ್ಟಿತೇನ್ರಿ? ಒಂಬತ್ತು ಅವ ನೋಡ್ರಿ" ಎನ್ನುತ್ತಿದ್ದರು.

ಬೇಸತ್ತು ಮ್ಯಾಕ್ರೋ ಎಂಬ ಒಂದು ಪುಟ್ಟ ಪ್ರೋಗ್ರಾಮು ಬರೆದೆ. ಸಂಜೆ ಐದಾದರೆ ಐದೂ ಇನ್‌ಬಾಕ್ಸುಗಳನ್ನು ತಾನೇ ಎಣಿಸಿ ಹಾಳೆ ತುಂಬುತ್ತಿತ್ತು. ಅದಕ್ಕೆ ಎರಡು ತಿಂಗಳು ಹಿಡಿಯಿತು. "ಅಷ್ಟರಾಗ ಕೈಲೇ ಎಷ್ಟು ಎಣಿಸಿರ್ತಿದ್ರಿ" ಎಂದಳು ಹೆಂಡತಿ. ಅವಳಿಗೆ ವಿಜ್ಞಾನ ತಿಳಿಯದು. ಇನ್ನು ಲೆಕ್ಕ ಕಳಿಸಬೇಡಿರೆಂದು ನಾಲ್ವರಿಗೂ ಬರೆದೆ. ಸಾಹುಕಾರರು ಹಿಗ್ಗಿ ಹೋದರು. "ಭಾಳ ಛಲೋ ಆಯ್ತು. ಈ ತಿಂಗಳು ಎಲ್ಲಿ ಎಲ್ಲಕ್ಕಿಂತ ಕಮ್ಮಿ ಬರ್ತಾವೋ, ಅಲ್ಲಿ ಕಂಪ್ಯೂಟರ್ ತೆಗೆದು ಗುಮಾಸ್ತರನ್ನ ಗಣಿಗೆ ಕಳಸೋಣು, ಲಾರಿ ಎಣಸ್ಲಿಕ್ಕೆ."

ನಮ್ಮ ಕಡೆಯ ಬಿಸಿಲಲ್ಲಿ ಲಾರಿ ಎಣಿಸುವುದು! ದಿನಾ ಎಲ್ಲಕ್ಕಿಂತ ಕಡಿಮೆ ಬರುತ್ತಿದ್ದುದು ಚಿಂಚೋಳಿಗೇ; ಪಾಪ ಖಾಜಾಸಾಬರು ಎನಿಸಿತು. ಫೋನು ಮಾಡಿ, ಕಾಲಕ್ಕೆ ತಕ್ಕಂತೆ ಬದಲಾಗಬೇಕೆಂದು ಉಪದೇಶ ಮಾಡಿ, ಒಂದು ಕೊಡೆ ಕೊಂಡಿಡಿರೆಂದೂ ಹೇಳಿದೆ. "ಹೌದ್ರಿ ರಾಯರ" ಎಂದರು ಪುಣ್ಯಾತ್ಮರು.

ಮೂರನೇ ದಿನ ಹಾಳೆ ತೆರೆದರೆ ಚಿಂಚೋಳಿಗೆ ಒಂಬತ್ತು, ಸೇಡಂಗೆ ಏಳು. ಮ್ಯಾಕ್ರೋ ತಪ್ಪಿರಬೇಕೆಂದು ಪರದೆಯ ಮೇಲೆ ಬೆರಳಿಟ್ಟು ಎಣಿಸಿದೆ. ಏಳೇ. ಆಮೇಲೆ ಹೊಳೆಯಿತು: ಇಷ್ಟು ದಿನ ನನಗೆ ಬರುತ್ತಿದ್ದ ಹನ್ನೊಂದರಲ್ಲಿ ನಾಲ್ಕು, ಆ ನಾಲ್ಕು ಊರಿನ ಲೆಕ್ಕದ ಇಮೇಲುಗಳೇ. ಅವನ್ನು ನಾನೇ ನಿಲ್ಲಿಸಿದ್ದೆ. ಈಗ ಕೊಡೆ ಹಿಡಿದು ಗಣಿಗೆ ಹೋಗಬೇಕಾದವನು ನಾನೇ.

ಮಾನ ಬಿಟ್ಟು ಖಾಜಾಸಾಬರಿಗೇ ಹೇಳಿಕೊಂಡೆ. ಅವರು ನಗಲಿಲ್ಲ. ಅದರಿಂದ ನನಗೆ ಇನ್ನಷ್ಟು ನಾಚಿಕೆಯಾಯಿತು.

"ಎಲ್ಲಾರ್ದೂ ಸಮಾ ಸಮ ಬಂದ್ರ ಯಾರನ್ನ ಕಳಸ್ತಾರ್ರಿ?" ಎಂದರು.

ಅಂದಿನಿಂದ ಕಡಿಮೆ ಬಿದ್ದ ಊರಿಗೆ ಉಳಿದವರು "ಆರಾಮ ಇದ್ದೀರೇನ್ರಿ" ಎಂದು ಬರೆಯತೊಡಗಿದೆವು. ತಿಂಗಳ ಕೊನೆಗೆ ಐದೂ ಊರು ಸರಿಸಮ. ಯಾರಿಗೂ ಗಣಿ ಇಲ್ಲ.

"ಮಶೀನ್ ಬಂದ ಮ್ಯಾಲ ನಿಮಗ ಆರಾಮ ಆಗಿರಬೇಕಲ್ರಿ?" ಎಂದು ಕೇಳಿದರು ಸಾಹುಕಾರರು. ಹೌದೆಂದೆ. ಯಾವ ಊರಿಗೆ ಎಷ್ಟು ಕಡಿಮೆ ಎಂದು ಮ್ಯಾಕ್ರೋ ಎಣಿಸುವ ಐದು ಗಂಟೆಗೆ ಮೊದಲೇ ಗೊತ್ತಾಗಬೇಕಲ್ಲ? ಅದಕ್ಕಾಗಿ ಮೂರು ಗಂಟೆಗೇ ಬೆರಳು ಮಡಚುತ್ತ ಐದೂ ಊರಿನ ಇಮೇಲುಗಳನ್ನು ಒಬ್ಬನೇ ಎಣಿಸಲು ಕೂರುತ್ತಿದ್ದೆ.