ಹೆಣಕ್ಕೆ ಕುಡಿಸಿದ ಕಷಾಯ

ಮೂತ್ರಪಿಂಡದ ಕಲ್ಲು ಕಡಲೆಕಾಳಿಗಿಂತ ಚಿಕ್ಕದು ಅಂತ ಸ್ಕ್ಯಾನಿಂಗ್‌ನಲ್ಲಿ ನೋಡಿದಾಗ ಸ್ಟೋರ್ ಗುಮಾಸ್ತನಿಗೆ ನಾಚಿಕೆಯೇ ಆಯಿತು. "ಇಷ್ಟಕ್ಕಾ ನಾನು ಬೀದಿಗೆಲ್ಲ ಕೇಳೋ ಹಾಗೆ ಅರಚಿದ್ದು?" ಅಂತ ತನ್ನನ್ನೇ ಬೈದುಕೊಂಡ. ಡಾಕ್ಟರು ನೀರು ಕುಡಿ, ತಾನಾಗೇ ಬೀಳುತ್ತೆ ಅಂದಿದ್ದರು. ಕುಡಿದು ಸುಮ್ಮನಿರಬಾರದೇ? ಬಾಯಿ ಬಿಟ್ಟರೆ ಬಣ್ಣಗೇಡು ಅಂತ ಗೊತ್ತಿದ್ದೂ ಈ ಪುಣ್ಯಾತ್ಮ ಊರಿಗೆಲ್ಲ ಸಾರಿಕೊಂಡು ಬಂದ.

ಮರುದಿನ ಸಂಜೆ ಆಫೀಸಿನ ವಾರ್ಷಿಕೋತ್ಸವ. ಮ್ಯಾನೇಜರೇ ಬರೆದು ಆಡಿಸುವ ದುರಂತ ನಾಟಕ. ಹೋದ ವರ್ಷ ಗುಮಾಸ್ತನಿಗಿದ್ದದ್ದು ಆಳಿನ ಪಾತ್ರ, ಒಂದೇ ಮಾತು: "ಅಮ್ಮಾವ್ರೇ, ಯಜಮಾನ್ರು ಹೋಗ್ಬಿಟ್ರು!" ಜನ ಕಂಡದ್ದೇ ಗಾಬರಿಯಾಗಿ "ಬಂದ್ಬಿಟ್ರು!" ಅಂದುಬಿಟ್ಟ. ಅವತ್ತಿನಿಂದ ಆಫೀಸಿನಲ್ಲಿ ಅವನ ಹೆಸರೇ ಬಂದ್ಬಿಟ್ರು. ಈ ಸಲ ಮ್ಯಾನೇಜರು ಹುಷಾರಾಗಿ ಮಾತೇ ಇಲ್ಲದ ಹೆಣದ ಪಾತ್ರ ಕೊಟ್ಟಿದ್ದರು. ಸರಿಯಾಗಿ ಸತ್ತು ತೋರಿಸಿ ಆ ಹೆಸರು ಅಳಿಸಿಕೊಳ್ಳಬೇಕು ಅಂತ ಗುಮಾಸ್ತನ ಹಟ.

ಬೆಳಗ್ಗೆ ಏಳುತ್ತಿದ್ದಂತೆ ಅತ್ತೆ ತಂಬಿಗೆ ಹಿಡಿದು ನಿಂತಿದ್ದರು. "ಅಳಿಯಂದ್ರೇ, ಮುಸುಕಿನ ಜೋಳದ ತೆನೆ ಕೂದಲಿನ ಕಷಾಯ. ತಳ ಕಾಣೋವರೆಗೂ ಕುಡೀರಿ."

ಗೇಟು ದಾಟಿದರೆ ಪಕ್ಕದ ಮನೆಯ ರಿಟೈರ್ಡ್ ಕಾಂಪೌಂಡರು. "ಜೋಳದ ಕೂದಲಾ? ಅದು ಕಲ್ಲಿಗೆ ಕಚಗುಳಿ ಇಟ್ಟ ಹಾಗೆ ಅಷ್ಟೇ ಕಣಪ್ಪಾ. ನೆಗ್ಗಿಲ ಮುಳ್ಳು ಕುದಿಸಿದ್ದೀನಿ, ಹಿಡಿ!" ಅಂತ ಫ್ಲಾಸ್ಕನ್ನೇ ಕೈಗಿತ್ತರು.

ಆಫೀಸಿನಲ್ಲಿ ಟೈಪಿಸ್ಟ್ ಮೇಡಂ. ನಾಟಕದಲ್ಲಿ ಹೆಣದ ಹೆಂಡತಿ ಅವರೇ. "ರೀ, ಮಧ್ಯದಲ್ಲಿ ನೋವು ಬಂದು ಅರಚಿದ್ರೆ ನನ್ನ ಅಳು ಹಾಳಾಗುತ್ತೆ. ಪುದೀನ ಟೀ ಕುಡೀರಿ. ಇನ್ನೊಂದು ಲೋಟ. ಇನ್ನೊಂದೇ ಒಂದು."

ಬೇಡ ಅನ್ನೋ ಮಾತು ಆಡಿ ಗುಮಾಸ್ತನಿಗೆ ಅಭ್ಯಾಸವಿಲ್ಲ. ಎಲ್ಲ ಕುಡಿದ. ಮಧ್ಯಾಹ್ನವೆಲ್ಲ ಸ್ಟೋರ್ ರೂಮಿಗೆ ಬೀಗ ಹಾಕೋದು, ಓಡೋದು, ತೆಗೆಯೋದು, ಇದೇ ಆಯಿತು.

ಸಂಜೆ ಮುಖಕ್ಕೆ ಪೌಡರ್ ಬಳಿದು ಮಂಚದ ಮೇಲೆ ಮಲಗಿಸಿ ಬಿಳಿ ಬೆಡ್‌ಶೀಟ್ ಹೊದಿಸಿದರು. ಪರದೆಯಾಚೆ ಮುಖ್ಯ ಅತಿಥಿಗಳ ಭಾಷಣ ಮುಗಿಯೋ ಲಕ್ಷಣವೇ ಇಲ್ಲ.

"ಸರ್, ಒಂದೇ ನಿಮಿಷ ಹೋಗಿ ಬಂದ್ಬಿಡ್ತೀನಿ."

"ಹೆಣ ಎಲ್ಲಾದ್ರೂ ಓಡಾಡುತ್ತೇನಯ್ಯಾ? ಪೌಡರ್ ಕೆಡುತ್ತೆ, ಬಿದ್ಕೋ!" ಅಂದರು ಮ್ಯಾನೇಜರು.

ಅಂತೂ ಪರದೆ ಸರಿಯಿತು. ಟೈಪಿಸ್ಟ್ ಮೇಡಂ ಮಂಚದ ಕಾಲು ಹಿಡಿದು ಗೋಳೋ ಅಂತ ಅತ್ತರು. "ನನ್ನ ಕಣ್ಣೀರೇ, ಹೊಳೆಯಾಗಿ ಹರಿ! ಕಟ್ಟೆ ಒಡೆದು ನುಗ್ಗು! ಸಮುದ್ರ ಸೇರು!"

ಬೆಡ್‌ಶೀಟಿನೊಳಗೆ ಗುಮಾಸ್ತ ಹಲ್ಲು ಕಚ್ಚಿದ. ಪ್ರಾಣ ಹೇಗೂ ಹೋಗಿ ಆಗಿದೆ, ಮಾನವಾದರೂ ಉಳಿಯಲಿ ದೇವರೇ ಅಂದುಕೊಂಡ. ಅಷ್ಟರಲ್ಲಿ ಮೇಡಂ ಆವೇಶ ಬಂದು ಹೆಣದ ಹೊಟ್ಟೆಯ ಮೇಲೇ ತಲೆ ಇಟ್ಟು ಬಿದ್ದರು.

ಹೆಣ ಚಂಗನೆ ಎದ್ದಿತು. ಬೆಡ್‌ಶೀಟ್ ಸುತ್ತಿಕೊಂಡು, ವಿಧವೆಯನ್ನು ದಾಟಿಕೊಂಡು, ಒಂದೇ ಓಟ!

ಟಾಯ್ಲೆಟ್ಟಿನೊಳಗೆ ಟಣ್ ಅಂತ ಸದ್ದಾಯಿತು. ಕಲ್ಲು ಬಿತ್ತು! ಗುಮಾಸ್ತನಿಗೆ ಆನಂದಕ್ಕೆ ಕಣ್ಣೀರೇ ಬಂತು. ಆಮೇಲೆ ನಾಟಕ ನೆನಪಾಯಿತು. ಒಪ್ಪಿಕೊಂಡ ಪಾತ್ರ, ಅರ್ಧಕ್ಕೆ ಬಿಡೋದುಂಟೇ? ಕಳ್ಳ ಹೆಜ್ಜೆ ಇಟ್ಟು ವಾಪಸ್ ಬಂದ, ಮಂಚ ಹತ್ತಿ ಮಲಗಿದ, ಬೆಡ್‌ಶೀಟನ್ನು ತಾನೇ ಮುಖದ ತನಕ ಎಳೆದುಕೊಂಡ.

"ಬಂದ್ಬಿಟ್ರು!" ಅಂತ ಯಾರೋ ಕೂಗಿದರು. ಸಭೆ ಬಿದ್ದು ಬಿದ್ದು ನಕ್ಕಿತು.

ಪರದೆ ಬಿದ್ದ ಮೇಲೆ ಗುಮಾಸ್ತ ಕೆನ್ನೆ ಮುಂದೊಡ್ಡಿಯೇ ನಿಂತ. "ಸರ್, ಬಾರಿಸಿಬಿಡಿ."

ಮ್ಯಾನೇಜರು ಬಂದು ತಬ್ಬಿಕೊಂಡರು! "ಮುಖ್ಯ ಅತಿಥಿಗಳಿಗೆ ನಕ್ಕೂ ನಕ್ಕೂ ಉಸಿರೇ ಸಿಕ್ಕಿಕೊಂಡಿತ್ತು ಕಣಯ್ಯಾ. ನಾಳೆ ಹೆಡ್ ಆಫೀಸಿನಲ್ಲಿ ಇದೇ ನಾಟಕ ಅಂತೆ. ಇವತ್ತಿನ ಹಾಗೇ ಓಡ್ಬೇಕು!"

"ಸರ್, ಅದು ನಟನೆ ಅಲ್ಲ. ಕಲ್ಲು ಬಿದ್ದುಹೋಯ್ತು, ಗುಣ ಆಯ್ತು. ಇನ್ನು ಬರೀ ನಟನೆಯಲ್ಲಿ ಹಾಗೆ ಓಡೋದು ನನ್ನ ಕೈಲಾಗಲ್ಲ."

"ನಟನೆ ನಿನ್ನ ಕೈಲಾಗಲ್ಲ ಅಂತ ನನಗೇನು ಗೊತ್ತಿಲ್ವೇ?" ಅಂದ ಮ್ಯಾನೇಜರು ಹಿಂದಕ್ಕೆ ತಿರುಗಿದರು. ಅಲ್ಲಿ ಕಲ್ಲು ಬೀಳಿಸಿದ್ದು ಯಾರ ಕಷಾಯ ಅಂತ ನಾಟಕ ನೋಡೋಕೆ ಬಂದಿದ್ದ ಅತ್ತೆ, ಕಾಂಪೌಂಡರು, ಟೈಪಿಸ್ಟ್ ಮೇಡಂ ಕಿತ್ತಾಡುತ್ತಿದ್ದರು. "ಜಗಳ ಬೇಡ. ನಾಳೆ ಮೂರನ್ನೂ ತನ್ನಿ."

ಅತ್ತೆಯ ಮುಖ ಅರಳಿತು. "ಅದಕ್ಕೇನಂತೆ ಅಳಿಯಂದ್ರೇ, ನಾಳೆ ಕೊಡದಲ್ಲೇ ತರ್ತೀನಿ."