ಓರಿನ್‌ನ ಮಂಗಳವಾರಗಳು

ಚರ್ಚಿನ ಹಾಡಿನ ಅಭ್ಯಾಸಕ್ಕೆ ತಡವಾಯಿತೆಂದು ಹದಿನೈದು ವರ್ಷದ ಓರಿನ್ ಹುಲ್ಲು ಕತ್ತರಿಸುವ ಮೋಟಾರು ಬಂಡಿಯನ್ನೇ ಹತ್ತಿ ಹೆದ್ದಾರಿಗಿಳಿದ. ಆಮೆಯ ಮೇಲೆ ಕೂತ ದಂಡನಾಯಕನಂತೆ ಹೊರಟವನ ಹಿಂದೆ ಹತ್ತೊಂಬತ್ತು ಕಾರು. ಪಕ್ಕದ ಮನೆಯ ಪ್ರೂಯಿಟ್ ಅಮ್ಮ ಪ್ರಾರ್ಥನೆಯನ್ನು ಅರ್ಧಕ್ಕೆ ನಿಲ್ಲಿಸಿ ಪೊಲೀಸರಿಗೆ ಫೋನ್ ಮಾಡಿದರು.

ತಪ್ಪೊಪ್ಪಿಕೊಂಡ ಎಳೆಯರಿಗೆ ಅಯೋವಾದ ನಮ್ಮ ಪುಟ್ಟ ಊರಲ್ಲಿ ಎಳೆಯರದೇ ನ್ಯಾಯಾಲಯ. ವಕೀಲರು, ತೀರ್ಪು ಹೇಳುವ ಪಂಚರು, ಎಲ್ಲರೂ ಶಾಲೆಯ ಮಕ್ಕಳೇ. ದೇವರ ದಯೆ, ಅಲ್ಲಿ ಜೈಲಿಲ್ಲ. ಗುಡಿಸುವ ಶಿಕ್ಷೆಯುಂಟು, ಇಲ್ಲವೇ ಮುಂದಿನ ಮೊಕದ್ದಮೆಗಳಲ್ಲಿ ತಾನೇ ಪಂಚನಾಗಿ ಕೂರುವ ಶಿಕ್ಷೆ. ನ್ಯಾಯಾಲಯ ಸೇರುವುದು ಮಂಗಳವಾರ ಸಂಜೆ, ಸರಿಯಾಗಿ ಹಾಡಿನ ಅಭ್ಯಾಸದ ಹೊತ್ತಿಗೆ.

"ಇದೊಂದು ವಾರ ಮಾಫಿ. ಇನ್ನೊಂದು ಸಲ ತಪ್ಪಿಸಿದ್ರೆ ನಿನ್ನ ಜಾಗ ಬೇರೆಯವರಿಗೆ," ಎಂದಿದ್ದರು ಹಾಡಿನ ಮೇಷ್ಟ್ರು.

ಆ ಜಾಗ ಜೊತೆಗೆ ಹಾಡುವ ಅಡಲೀನ್ ಎಂಬ ಹುಡುಗಿಯ ಪಕ್ಕದ್ದು. ಅದಕ್ಕಾಗಿಯೇ ಓರಿನ್ ದೇವರನ್ನು ಹಾಡಿ ಹೊಗಳುತ್ತಿದ್ದುದು. ದೇವರಿಗೂ ಅದು ಗೊತ್ತಿತ್ತು, ನಕ್ಕು ಸುಮ್ಮನಿದ್ದ.

ಓರಿನ್‌ನ ಸರದಿ ಬಂತು. ಎದುರು ವಕೀಲ ಗ್ರೇಡನ್ ಎದ್ದ. "ಪಂಚನಾಗೋ ಯೋಗ್ಯತೆ ಇವನಿಗಿಲ್ಲ. ಹತ್ತು ಶನಿವಾರ ಪಾರ್ಕು ಗುಡಿಸ್ಲಿ."

ಓರಿನ್‌ನ ಮುಖ ಅರಳಿತು. ಶನಿವಾರ ತಾನೇ! "ಒಪ್ಕೊಂಬಿಡೇ ಟೆಸ್ಸಾ," ಎಂದು ತನ್ನ ವಕೀಲೆಯ ತೋಳು ತಿವಿದ.

ಹದಿನಾಲ್ಕರ ಟೆಸ್ಸಾಗೆ ಇದು ಮೊದಲ ಮೊಕದ್ದಮೆ. "ಬಾಯ್ಮುಚ್ಕೊಂಡು ಕೂತ್ಕೊ. ನಿನ್ನ ಉಳಿಸ್ತಿದೀನಿ," ಎಂದು ಗದರಿಸಿ ಎದ್ದಳು. "ಯೋಗ್ಯತೆ ಇಲ್ವಾ? ತಿರುವಿನಲ್ಲೆಲ್ಲ ಕೈ ತೋರಿಸಿದಾನೆ! ಬಾತುಕೋಳಿ ಅಡ್ಡ ಬಂದ್ರೆ ನಿಂತಿದಾನೆ! ಪ್ರೂಯಿಟ್ ಅಮ್ಮ, ನೀವೇ ಹೇಳಿ!"

"ನಿಂತ ಕಣಮ್ಮ. ನನ್ನ ನೋಡಿ ಟೋಪಿನೂ ತೆಗೆದ," ಎಂದು ಸಾಕ್ಷಿ ಹೇಳಲು ಬಂದಿದ್ದ ಮುದುಕಿ ಕಣ್ಣೊರೆಸಿಕೊಂಡರು. "ಚಿನ್ನದಂಥ ಹುಡುಗ. ನಾನ್ಯಾಕಾದ್ರೂ ಫೋನ್ ಮಾಡಿದ್ನೋ!"

"ಇಲ್ಲ, ನಾನು ಕೆಟ್ಟವ್ನೇ!" ಎಂದು ಓರಿನ್ ಕೂಗಿದ. "ಗುಡಿಸ್ತೀನಿ!"

"ನೋಡಿ, ಎಂಥ ವಿನಯ!" ಎಂದಳು ಟೆಸ್ಸಾ. ಪಂಚರಲ್ಲಿ ಇಬ್ಬರು ಮೂಗೊರೆಸಿಕೊಂಡರು.

ತೀರ್ಪು ಬಂತು. ಗುಡಿಸುವುದು ರದ್ದು. ಇಂಥ ಸಾತ್ವಿಕ ಹುಡುಗ ಕ್ರಿಸ್‌ಮಸ್‌ವರೆಗೆ ಪ್ರತಿ ಮಂಗಳವಾರ ಪಂಚನಾಗಿ ಕೂರತಕ್ಕದ್ದು.

ಟೆಸ್ಸಾ ಕುಣಿದಳು. ಓರಿನ್ ನೆನೆದ ಹಿಟ್ಟಿನ ಚೀಲದಂತೆ ಕುರ್ಚಿಯಲ್ಲಿ ಕುಸಿದ.

ಗ್ರೇಡನ್ ಬಂದು ಕೈ ಕುಲುಕಿದ. "ಸೋತ್ರೂ ಬೇಜಾರಿಲ್ಲಪ್ಪ. ನಂದಿವತ್ತು ಕೊನೇ ಮೊಕದ್ದಮೆ. ಇನ್ಮೇಲೆ ಮಂಗಳವಾರ ಬಿಡುವು. ಹಾಡೋಕೆ ಬಾ ಅಂತ ಅಡಲೀನ್ ಕರೀತಾನೇ ಇದ್ಲು, ಆದ್ರೆ ಅವಳ ಪಕ್ಕದಲ್ಲಿ ಜಾಗ ಇರ್ಲಿಲ್ಲ. ಈಗ ಒಂದು ಖಾಲಿಯಾಯ್ತಲ್ಲ!"